ಬಲ್ಮಠದ ಕ್ರಿಸ್‌ಮಸ್, ಬಾಸೆಲ್‌ನ ಕ್ರಿಸ್‌ಮಸ್

ಧಾರವಾಡದಲ್ಲಿ ನಾನು ಕಲಿತದ್ದು ಬಾಸೆಲ್ ಮಿಷನ್ ಶಾಲೆಯಲ್ಲಿ. ನಮ್ಮ ಓಣಿಯವರ ಬಾಯಲ್ಲಿ ಅದು ‘ಬಾಸೆಲ್ ಮಿಶನ್ ಸಾಲಿ’. ಬಾಸೆಲ್ ಅಂದರೆ ಯಾರೋ ಒಬ್ಬ ಸಾಹೇಬನ ಹೆಸರು ಎಂದು ಬಹಳ ವರ್ಷ ತಿಳಿದಿದ್ದೆ. ಪಾಠದಲ್ಲಿ ಥಾಮಸ್ ಮನ್ರೋ ಇದ್ದಹಾಗೆ ಶಾಲೆಯ ಬೋರ್ಡಿನ ಮೇಲೆ ಮಿಸ್ಟರ್ ಬಾಸೆಲ್. ಅದು ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಂಡೆಯ ಮೇಲಿರುವ ಒಂದು ಊರು ಎಂದು ಗೊತ್ತಾದದ್ದು ಮುಂದೆ ಎಂದೋ ಯುರೋಪಿನ ಭೂಪಟ ತುಂಬುವಾಗ. ಗೊತ್ತಾದ ಮೇಲೂ ಅಷ್ಟೇನೂ ಅನಿಸಲಿಲ್ಲ. ನಮ್ಮ ಪಾಲಿಗೆ ಬಾಸೆಲ್ ಇದ್ದದ್ದು ಧಾರವಾಡದಲ್ಲೇ.

ಆ ಹೆಸರು ಎರಡನೆಯ ಸಲ ಎದುರಾದದ್ದು ನೌಕರಿಯ ದೆಸೆಯಿಂದ. ಪುಣೆಯ ಕಂಪನಿ ನನ್ನನ್ನು ಮೂರು ಡಿಸೆಂಬರ್‌ಗಳಲ್ಲಿ ಸ್ಟುಟ್‌ಗಾರ್ಟ್‌ಗೆ ಕಳಿಸಿತ್ತು. ನಮ್ಮ ಕಸುಬಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷದ ಕೊನೆಗೆ ಅಲ್ಲಿಯವರೆಲ್ಲ ರಜೆಯ ಮೇಲೆ ಹೋಗುತ್ತಾರೆ, ಸಿಸ್ಟಮ್‌ಗೆ ಯಾರೂ ಕೈ ಹಚ್ಚಬಾರದೆಂದು ಫ್ರೀಜ್ ಮಾಡಿರುತ್ತಾರೆ. ಆದರೂ ಲೆಕ್ಕ ಮುಗಿಸುವ ಹೊತ್ತಿಗೆ ಏನಾದರೂ ಬಿದ್ದರೆ ಎತ್ತುವುದಕ್ಕೆ ಒಬ್ಬ ಬೇಕು. ಕ್ರಿಸ್‌ಮಸ್ ಹಬ್ಬ ಇಲ್ಲದವನೇ ಆ ಒಬ್ಬ. ಮೊದಲ ವರ್ಷ 24ರ ಮಧ್ಯಾಹ್ನ ಎರಡಕ್ಕೆ ಅಂಗಡಿಗಳ ಬಾಗಿಲು ಬೀಳುತ್ತವೆ, ಮುಂದೆ 27ರವರೆಗೆ ತೆರೆಯುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅರ್ಧ ಪಾಕೀಟು ಬ್ರೆಡ್ಡು, ನಾಲ್ಕು ತತ್ತಿ, ಪುಣೆಯಿಂದ ಒಯ್ದ ಶೇಂಗಾ ಚಟ್ನಿ. ನಾಲ್ಕೂವರೆಗೆ ಕತ್ತಲಾಯಿತು.

ಮನೆಯ ಮಾಲಕಿ ಎಪ್ಪತ್ತು ದಾಟಿದ ಅಜ್ಜಿ. ಬಾಗಿಲು ಬಡಿದು, ಒಬ್ಬನೇ ಕೂತು ಏನು ಮಾಡುತ್ತೀಯ ಅಂತ ಕೇಳಿ ಚರ್ಚಿಗೆ ಕರೆದುಕೊಂಡು ಹೋದರು. ಹಾಡು, ಬೈಬಲ್ ಓದು, ಮಕ್ಕಳ ನಾಟಕ, ಕೊನೆಗೆ ವಂತಿಗೆಯ ಚೀಲ. ಹೊರಗೆ ಬರುವಾಗ ನನ್ನ ಊರು ಕೇಳಿದರು. ಧಾರವಾಡ ಗೊತ್ತಾಗಲಿಲ್ಲ, ಕರ್ನಾಟಕವೂ ಗೊತ್ತಾಗಲಿಲ್ಲ. ಶಾಲೆಯ ಹೆಸರು ಹೇಳಿದ ಕೂಡಲೇ ನಿಂತುಬಿಟ್ಟರು. ಅವರ ತಾಯಿಯ ಮನೆಯಲ್ಲಿ ಬಾಸೆಲ್ ಮಿಷನ್ನಿನ ಒಂದು ಪುಟ್ಟ ಡಬ್ಬಿ ಇರುತ್ತಿತ್ತಂತೆ. ಮಕ್ಕಳು ಅದರಲ್ಲಿ ಚಿಲ್ಲರೆ ಹಾಕಬೇಕಾಗಿತ್ತಂತೆ.

ಅದು ಬರಿಯ ಅಜ್ಜಿಯ ನೆನಪಲ್ಲ. 1850ರ ದಶಕದಲ್ಲಿ ಬಾಸೆಲ್ ಮಿಷನ್ ‘ಅರ್ಧ ಬಾಟ್ಸೆನ್ ವಂತಿಗೆ’ ಎಂಬುದನ್ನು ಶುರು ಮಾಡಿತ್ತು. ಬಾಟ್ಸೆನ್ ಆ ಕಡೆಯ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅದರ ಅರ್ಧದಷ್ಟು, ಅಂದರೆ ಬಡವನೂ ಕೊಡಬಹುದಾದಷ್ಟು ದುಡ್ಡನ್ನು ಮನೆಮನೆಯಿಂದ ಎತ್ತಿ ಕಳಿಸುವ ವ್ಯವಸ್ಥೆ. ದೊಡ್ಡ ದಾನಿಗಳೂ ಇದ್ದರು. ಆದರೆ ಶಾಲೆ, ಚರ್ಚು, ಅಚ್ಚುಕೂಟಗಳ ಹಿಂದೆ ನೇಕಾರರ, ರೈತರ, ಮನೆಗೆಲಸದ ಹೆಂಗಸರ ಇಂಥ ಚಿಲ್ಲರೆಯೂ ಇತ್ತು. ಸಂಸ್ಥೆಯ ಹೆಸರು ಬಾಸೆಲ್ಲಿನದಾದರೂ ನಮ್ಮ ಕಡೆ ಬಂದ ಮಿಷನರಿಗಳಲ್ಲಿ ಬಹುಪಾಲು ಜನ ಸ್ಟುಟ್‌ಗಾರ್ಟ್ ಸುತ್ತಲಿನ ವ್ಯೂರ್ಟೆಂಬರ್ಗ್ ಸೀಮೆಯವರು. ಆ ರಾತ್ರಿ ಫೋನಿನಲ್ಲಿ ನಕಾಶೆ ತೆಗೆದು ನೋಡಿದೆ. ಹರ್ಮನ್ ಮೋಗ್ಲಿಂಗ್ ತೀರಿಕೊಂಡ ಎಸ್ಲಿಂಗನ್ ಲೋಕಲ್ ಟ್ರೇನಿನ ದಾರಿ. ಹಿಂದಿನ ಶನಿವಾರವಷ್ಟೇ ಅಲ್ಲಿಯ ಕ್ರಿಸ್‌ಮಸ್ ಸಂತೆಯಲ್ಲಿ ತಿರುಗಾಡಿ ಬಂದಿದ್ದೆ, ಏನೂ ಗೊತ್ತಿಲ್ಲದೆ. ಕಿಟೆಲ್ ಕೊನೆಗಾಲ ಕಳೆದ ಟ್ಯೂಬಿಂಗನ್, ಗುಂಡರ್ಟ್ ತೀರಿಕೊಂಡ ಕಾಲ್ವ್, ಎಲ್ಲವೂ ಒಂದೆರಡು ತಾಸಿನ ಹಾದಿ. ನಾನು ಅವರ ಊರಲ್ಲಿ ಹಬ್ಬವಿಲ್ಲದೆ ಕೂತಿದ್ದೆ. ಅವರು ನನ್ನ ಊರಲ್ಲಿ ತಮ್ಮ ಹಬ್ಬವನ್ನು ಹೇಗೆ ಕಳೆದಿರಬಹುದು ಎಂಬ ಪ್ರಶ್ನೆ ಹುಟ್ಟಿದ್ದು ಆ ರಾತ್ರಿ. ಆಮೇಲೆ ಸಿಕ್ಕದ್ದನ್ನೆಲ್ಲ ಓದುತ್ತಾ ಬಂದೆ.

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಯ ಬಾಗಿಲು ತೆರೆಯಿತು. ಮರುವರ್ಷವೇ ಮೂವರು ಹೊರಟರು: ಸ್ಯಾಮುವೆಲ್ ಹೆಬಿಕ್, ಕ್ರಿಶ್ಚಿಯನ್ ಗ್ರೈನರ್, ಯೋಹಾನ್ನೆಸ್ ಲೇನರ್. ಸೂಯೆಜ್ ಕಾಲುವೆ ಇಲ್ಲದ ಕಾಲ, ಆಫ್ರಿಕವನ್ನು ಸುತ್ತಿ ಬರಬೇಕು. 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರು ಮುಟ್ಟಿದರು. ಅಂದರೆ ಇಲ್ಲಿಗೆ ಬಂದು ಎರಡು ತಿಂಗಳು ಆಗುವುದರೊಳಗೆ ಅವರ ಮೊದಲ ಕ್ರಿಸ್‌ಮಸ್.

ಈ ಮೂವರನ್ನು ಕಲ್ಪಿಸಿಕೊಳ್ಳುವುದು ನಮ್ಮಂಥವರಿಗೆ ಕಷ್ಟವಲ್ಲ. ಊರು ಹೊಸದು, ಭಾಷೆ ಬರದು, ಸುತ್ತಲಿನವರಿಗೆ ಆ ದಿನ ವಾರದ ಇನ್ನೊಂದು ದಿನ. ಡಿಸೆಂಬರ್‌ನಲ್ಲೂ ಹಗಲಿಗೆ ಬೆವರಿಳಿಸುವ ಮಂಗಳೂರಿನ ಸೆಕೆ. ಊರಿನಿಂದ ಪತ್ರ ಬರುವುದು ತಿಂಗಳುಗಟ್ಟಲೆ ತಡವಾಗಿ. ತಾಯಿ ಬೇಸಿಗೆಯಲ್ಲಿ ಬರೆದು ಹಾಕಿದ್ದು ಚಳಿಗಾಲಕ್ಕೆ ಕೈಸೇರಬೇಕು. ಬಿಡುವಿಗೆ ಊರಿಗೆ ಹೋಗಿ ಬರುವ ಮಾತೇ ಇಲ್ಲ. ಹೆಬಿಕ್ 1834ರಲ್ಲಿ ಬಂದವರು ಯುರೋಪಿಗೆ ಮರಳಿದ್ದು 1859ರಲ್ಲಿ. ಮಂಗಳೂರು, ಆಮೇಲೆ ಕಣ್ಣಾನೂರು, ನಡುವೆ ಒಂದೇ ಒಂದು ಸಲವೂ ಊರಿಗೆ ಹೋಗಲಿಲ್ಲ. ಒಂದರ ಹಿಂದೊಂದು ಇಪ್ಪತ್ತೈದು ಕ್ರಿಸ್‌ಮಸ್. ನಾವು ದೀಪಾವಳಿಗೆ ಟ್ರೇನಿನ ಟಿಕೆಟ್ ಸಿಗಲಿಲ್ಲವೆಂದು ನಾಲ್ಕು ದಿನ ಮುಖ ಊದಿಸಿಕೊಂಡು ಕೂರುತ್ತೇವೆ.

ಮಂಗಳೂರಿಗೆ ಕ್ರಿಸ್‌ಮಸ್ ಹೊಸದಾಗಿತ್ತೆಂದು ಮಾತ್ರ ತಿಳಿಯಬಾರದು. ಕೊಂಕಣಿ ಕ್ಯಾಥೊಲಿಕರು ಅಲ್ಲಿ ತಲೆಮಾರುಗಳಿಂದ ಇದ್ದರು, ಟಿಪ್ಪುವಿನ ಕಾಲದ ಸೆರೆಯನ್ನು ದಾಟಿ ಮರಳಿ ಬಂದು ಮತ್ತೆ ನೆಲೆ ನಿಂತಿದ್ದರು. ಅವರಿಗೆ ನತಾಲ್ ಇತ್ತು, ಕುಸ್ವಾರಿನ ತಿಂಡಿ ಇತ್ತು. ಆದರೆ ಬಂದ ಜರ್ಮನರು ಪ್ರೊಟೆಸ್ಟೆಂಟರು, ಅದರಲ್ಲೂ ಪಯಟಿಸ್ಟರು ಎಂಬ ಭಕ್ತಿಪಂಥದವರು. ಆಡಂಬರ ಕಂಡರೆ ಆಗದು, ಕುಡಿತ ಕುಣಿತ ಮೊದಲೇ ಆಗದು. ಒಂದೇ ಊರಲ್ಲಿ ಎರಡು ಕ್ರಿಸ್‌ಮಸ್‌ಗಳು ಬೇರೆ ಬೇರೆಯಾಗಿಯೇ ನಡೆದವು. ಇವರ ಹಬ್ಬವೆಂದರೆ 24ರ ಸಂಜೆಯ ಓದು, ಹಾಡು, ಮನೆಯೊಳಗೊಂದು ಮರ. ಈಗ ಜರ್ಮನ್ ಡಿಸೆಂಬರ್ ಎಂದರೆ ಕಣ್ಣಿಗೆ ಬರುವ ನಾಲ್ಕು ಮೇಣದಬತ್ತಿಯ ಹಸಿರು ಚಕ್ರ ಇವರ ಸಾಮಾನಿನಲ್ಲಿ ಇದ್ದಿರಲಾರದು. ಅದನ್ನು ಹ್ಯಾಂಬರ್ಗ್‌ನಲ್ಲಿ ವಿಖೆರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಮಾಡಿದ್ದು 1839ರಲ್ಲಿ. ನಾವು ಅನಾದಿ ಎಂದುಕೊಳ್ಳುವ ಎಷ್ಟೋ ಆಚರಣೆಗಳ ವಯಸ್ಸು ಇಷ್ಟೇ.

ಇನ್ನೊಂದು ಸಂಗತಿ ಇದೆ. ಡಿಸೆಂಬರ್ ಅವರಿಗೆ ಹಬ್ಬದ ತಿಂಗಳಾಗುವುದಕ್ಕಿಂತ ಹೆಚ್ಚಾಗಿ ಕೆಲಸದ ತಿಂಗಳು. ಮಳೆ ನಿಂತು ದಾರಿ ಒಣಗಿ, ಕೊಯ್ಲು ಮುಗಿದು, ಜಾತ್ರೆಗಳು ಶುರುವಾಗುವ ಕಾಲ. ಜಾತ್ರೆಯಲ್ಲಿ ಜನ ಸೇರುತ್ತಾರೆ, ಜನ ಸೇರಿದಲ್ಲಿ ಇವರ ಪ್ರಸಂಗ. ಹೆಬಿಕ್‌ಗೆ ಜಾತ್ರೆ ಎಂದರೆ ಬಿಡುವ ಮಾತಿಲ್ಲ. ನಿಂತು ಮಾತಾಡುತ್ತಿದ್ದರು, ಕಲ್ಲು ಮಣ್ಣು ಬೀಳುವ ತನಕ. ನಮ್ಮ ಹಬ್ಬಗಳ ನಡುವೆ ನಿಂತು ನಿಮ್ಮ ಹಬ್ಬ ಸುಳ್ಳು ಎಂದು ಹೇಳುವ ಕೆಲಸ ಅದು. ಇವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ನಮ್ಮಜ್ಜ ಯಲ್ಲಮ್ಮನ ಗುಡ್ಡದಲ್ಲಿ ಇಂಥವರನ್ನು ಕಂಡಿದ್ದರೆ ಕಲ್ಲು ಎತ್ತದಿದ್ದರೂ ಮಾತು ಎತ್ತುತ್ತಿದ್ದ.

ಮಾತಿನ ವಿಷಯಕ್ಕೇ ಬರೋಣ. ಹಬ್ಬಕ್ಕೆ ಭಾಷೆ ಬೇಕಿತ್ತು. ಕನ್ನಡದಲ್ಲಿ ಬೈಬಲ್ ಇವರಿಗಿಂತ ಮೊದಲೇ ಇತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಅದನ್ನು ಮಾಡಿದ್ದರು. ಮೋಗ್ಲಿಂಗ್, ವೈಗಲೆ ಮುಂತಾದವರು ಅದನ್ನು ತಿದ್ದುವ ಕೆಲಸಕ್ಕೆ ಕೂತರು. ಯೇಸು ಹುಟ್ಟಿದ ಕಥೆಯಲ್ಲಿ ಎರಡು ಪದಗಳನ್ನು ನೋಡಿ. ಹೆರಿಗೆಗೆ ಜಾಗ ಸಿಗದ ಆ ವಸತಿಗೆ ಕನ್ನಡ ಬೈಬಲ್ ‘ಛತ್ರ’ ಅನ್ನುತ್ತದೆ. ಕೂಸನ್ನು ಮಲಗಿಸಿದ ದನದ ಮೇವಿನ ತೊಟ್ಟಿಗೆ ‘ಗೋದಲಿ’. ನಮ್ಮೂರಿನ ಹಟ್ಟಿಯಲ್ಲಿ ಎತ್ತುಗಳ ಮುಂದೆ ಇದ್ದದ್ದು ಅದೇ, ನಾವು ಗ್ವಾದಲಿ ಅನ್ನುತ್ತಿದ್ದೆವು. ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಈ ಪದ ಮೊದಲ ಸಲ ಕೇಳಿದಾಗ ಅದು ಬೆತ್ಲೆಹೇಮಿನದು ಅನಿಸಲೇ ಇಲ್ಲ. ಎತ್ತಿನ ಬಿಸಿಯುಸಿರು, ಕಣಕಿಯ ವಾಸನೆ, ಎಲ್ಲವೂ ಒಟ್ಟಿಗೆ ಬಂತು. ಛತ್ರದಲ್ಲಿ ಜಾಗ ಇಲ್ಲ ಅನಿಸಿಕೊಂಡು ಗೋದಲಿಯ ಪಕ್ಕ ಮಲಗುವುದು ನಮ್ಮ ಕಡೆಯ ಯಾವ ಬಡವನಿಗೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಪಕ್ಕದಲ್ಲಿ ಕೂತು ಈ ಪದಗಳನ್ನು ಹೇಳಿಕೊಟ್ಟ ಕನ್ನಡದ ಮುನ್ಷಿಗಳ ಹೆಸರು ಇತಿಹಾಸದ ಪುಸ್ತಕಗಳ ಮುಂದಿನ ಸಾಲಿಗೆ ಬರುವುದೇ ಇಲ್ಲ.

ಗ್ರೈನರ್ ತುಳುವಿನ ಬೆನ್ನು ಹತ್ತಿದರು. 1847ರ ಹೊತ್ತಿಗೆ ಹೊಸ ಒಡಂಬಡಿಕೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1853ರಲ್ಲಿ ಬಂದ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದರು. ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಕೃತಿ ಅದು. ಮೋಗ್ಲಿಂಗ್ ಕಥೆ ಇನ್ನೂ ವಿಚಿತ್ರ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದವರು ಎಂದು ಅವರನ್ನು ಪ್ರತಿ ವರ್ಷ ಪತ್ರಿಕಾ ದಿನದಂದು ನೆನೆಯುತ್ತೇವೆ. ಅದೇ ಮನುಷ್ಯ ದಾಸರ ಪದಗಳನ್ನು ಕಲೆಹಾಕಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಜರ್ಮನಿಗೆ ಮರಳಿದ ಮೇಲೂ ಆ ಪದಗಳನ್ನು ಜರ್ಮನ್‌ಗೆ ಅನುವಾದ ಮಾಡಿ ಅಲ್ಲಿಯ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪುರಂದರದಾಸರ ವಿಠಲನನ್ನು ಜನರ ಬಾಯಿಂದ ಬಿಡಿಸಲು ಬಂದವರು ಅವನನ್ನು ಮೊದಲು ಪುಸ್ತಕಕ್ಕೆ ಏರಿಸಿದರು.

ಈ ಭಾಗ ನಮಗೆಲ್ಲ ಗೊತ್ತು, ಪ್ರೀತಿಯಿಂದ ಹೇಳುತ್ತಲೂ ಬಂದಿದ್ದೇವೆ. ಬೆಂಗಳೂರಿನಲ್ಲಿ ಕಿಟೆಲ್ಲರ ಪ್ರತಿಮೆ ಇದೆ, ಅವರ 1894ರ ನಿಘಂಟು ಇಲ್ಲದೆ ಕನ್ನಡದ ಕೆಲಸ ಸಾಗುವುದಿಲ್ಲ. ಅವರು ತೀರಿಕೊಂಡದ್ದು 1903ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಸುಮಾರು ಒಂದು ವಾರ ಇರುವಾಗ, ಟ್ಯೂಬಿಂಗನ್‌ನಲ್ಲಿ. ನಾವು ಅಷ್ಟು ಪ್ರೀತಿಯಿಂದ ಹೇಳದ ಭಾಗವೊಂದಿದೆ. ಈ ಹಬ್ಬಕ್ಕೆ ಯಾರು ಯಾರು ಏನೇನು ತೆತ್ತರು ಎಂಬುದು.

ಮೊದಲು ತೆತ್ತವರು ಆ ಮತಕ್ಕೆ ಸೇರಿದ ಇಲ್ಲಿನ ಜನ. ದಕ್ಷಿಣ ಕನ್ನಡದಲ್ಲಿ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಲ್ಲಿ ಅನೇಕರ ಕಸುಬು ಶೇಂದಿ ಇಳಿಸುವುದು. ಮಿಷನ್ನಿಗೆ ಕುಡಿತ ಪಾಪ, ಆದ್ದರಿಂದ ಕಸುಬು ಹೋಯಿತು. ಕೋಲ, ನೇಮ, ಜಾತ್ರೆ ನಿಷಿದ್ಧ, ಆದ್ದರಿಂದ ಹಬ್ಬ ಹೋಯಿತು. ಮನೆ, ಗುತ್ತಿಗೆಯ ಗದ್ದೆ, ನೆಂಟಸ್ತಿಕೆ ಹೋಯಿತು. ಮಿಷನ್ ನೇಯ್ಗೆ ಶಾಲೆ, ಹಂಚಿನ ಕಾರ್ಖಾನೆಗಳನ್ನು ಕಟ್ಟಿದ್ದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ನೆಲೆ ತಪ್ಪಿದವರಿಗೆ ಅನ್ನ ಹುಟ್ಟಬೇಕಿತ್ತು. ಜೆಪ್ಪುವಿನಲ್ಲಿ 1865ರಲ್ಲಿ ಹಂಚು ಸುಡತೊಡಗಿದರು. ಮಂಗಳೂರು ಹಂಚು ಅನ್ನುವುದು ಹಾಗೆ ಊರೂರು ತಲುಪಿತು. ಮಳೆಗಾಲದಲ್ಲಿ ನಮ್ಮ ಸೂರು ಕಾದ ಆ ಕೆಂಪು ಹಂಚಿನ ಹಿಂದೆ ಊರ ಹಬ್ಬಗಳಿಂದ ಹೊರಬಿದ್ದ ಜನರ ಕೈ ಇದೆ. ಇಂಥವರ ಪಾಲಿಗೆ ಕ್ರಿಸ್‌ಮಸ್ ಎಂದರೆ, ಹಳೆಯ ವರ್ಷದ ಎಲ್ಲ ಹಬ್ಬಗಳ ಜಾಗದಲ್ಲಿ ಉಳಿದ ಒಂದೆರಡರಲ್ಲಿ ಒಂದು.

ಎರಡನೆಯದಾಗಿ ತೆತ್ತವರು ಮಿಷನರಿಗಳ ಮಕ್ಕಳು. ಇದನ್ನು ಓದಿದ ದಿನ ನನಗೆ ಮುಂದಕ್ಕೆ ಓದಲು ಆಗಲಿಲ್ಲ.

ಬಾಸೆಲ್ ಮಿಷನ್ನಿನ ನಿಯಮಗಳು ಬಿಗಿ. ಮದುವೆಗೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕು, ಅದೂ ಕೆಲವು ವರ್ಷ ಸೇವೆ ಮಾಡಿದ ಮೇಲೆ. ಒಪ್ಪಿಗೆ ಸಿಕ್ಕರೆ ಎಷ್ಟೋ ಸಲ ಹುಡುಗಿಯನ್ನು ಗುರುತಿಸಿ ಕಳಿಸುವುದೂ ಅಲ್ಲಿಂದಲೇ. ಹಡಗಿನಿಂದ ಇಳಿದ ಹುಡುಗಿ ತಾನು ಮದುವೆಯಾಗುವವನ ಮುಖವನ್ನು ಮೊದಲ ಸಲ ನೋಡುತ್ತಿದ್ದಳು. (ನಮ್ಮ ಅಜ್ಜಿಯರಿಗೆ ಇದರಲ್ಲಿ ಅಚ್ಚರಿ ಕಾಣುತ್ತಿರಲಿಲ್ಲ ಅನ್ನಿ.) ಬಾಣಂತಿತನ, ಜ್ವರ, ಬೇಧಿಗಳಲ್ಲಿ ಅನೇಕ ಹೆಂಗಸರು ಬೇಗ ಹೋದರು. ಕಿಟೆಲ್ಲರ ಮೊದಲ ಹೆಂಡತಿ ಪೌಲೀನೆ ಬಂದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು, ಮುಂದೆ ಅವರ ಸಹೋದರಿ ಯೂಲಿಯೇ ಬಂದು ಮದುವೆಯಾದರು. ಉಳಿದು ಬೆಳೆದ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಕಳಿಸಬೇಕು. 1850ರ ದಶಕದಲ್ಲಿ ಇದು ನಿಯಮವೇ ಆಯಿತು. ಬಾಸೆಲ್ಲಿನಲ್ಲಿ ಮಿಷನರಿಗಳ ಮಕ್ಕಳಿಗೆಂದೇ ಮನೆ ಕಟ್ಟಿದರು. ಇಲ್ಲಿಯ ಹವೆ ಸರಿಯಿಲ್ಲ, ಇಲ್ಲಿಯ ಆಳುಗಳ ಜೊತೆ ಬೆಳೆದರೆ ಇಲ್ಲಿಯವರ ಹಾಗಾಗುತ್ತಾರೆ ಎಂಬ ಹೆದರಿಕೆ. ಆರೇಳು ವರ್ಷದ ಕೂಸನ್ನು ಹಡಗು ಹತ್ತಿಸಿದರೆ ಮತ್ತೆ ನೋಡುವುದು ಹತ್ತು ವರ್ಷಕ್ಕೋ, ಹದಿನೈದಕ್ಕೋ. ಎಷ್ಟೋ ಜನ ನೋಡಲೇ ಇಲ್ಲ.

ಒಂದು ಹೆಸರು ಹೇಳುತ್ತೇನೆ. ಮರಿ ಗುಂಡರ್ಟ್. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟರ ಮಗಳು, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಾಲ್ಕರ ಆಸುಪಾಸಿನಲ್ಲಿ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮಲಬಾರಿಗೆ ಮರಳಿದರು. ಅವಳು ಮತ್ತೆ ಅವರ ಬಳಿ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಸುಮಾರು ಹತ್ತು ಕ್ರಿಸ್‌ಮಸ್ ಅವಳು ಅಲ್ಲಿ, ಅವರು ಇಲ್ಲಿ. ಪರದೇಶದಲ್ಲಿ ಹಬ್ಬ ಕಳೆಯುತ್ತಿದ್ದದ್ದು ಯಾರು? ತಲಶ್ಶೇರಿಯಲ್ಲಿ ಹುಟ್ಟಿದ ಹುಡುಗಿಗೆ ಯುರೋಪೇ ಪರದೇಶವಾಗಿರಬೇಕು. ಮುಂದೆ ಅವಳ ಮೊದಲ ಗಂಡ ತೀರಿಕೊಂಡ. ಮಂಗಳೂರಿನಲ್ಲಿ 1869ರಿಂದ 1873ರವರೆಗೆ ಇದ್ದು ಆರೋಗ್ಯ ಕೆಟ್ಟು ಮರಳಿದ ಯೋಹಾನ್ನೆಸ್ ಹೆಸ್ಸೆಯನ್ನು 1874ರಲ್ಲಿ ಮದುವೆಯಾದಳು. 1877ರಲ್ಲಿ ಕಾಲ್ವ್‌ನಲ್ಲಿ ಹುಟ್ಟಿದ ಅವರ ಮಗ ಹರ್ಮನ್ ಹೆಸ್ಸೆ. ‘ಸಿದ್ಧಾರ್ಥ’ದ ಲೇಖಕನ ಮನೆಯಲ್ಲಿ ತಲಶ್ಶೇರಿ, ಮಂಗಳೂರು ಎರಡೂ ಇದ್ದವು.

ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ನನ್ನ ಮಗಳಿಗೆ ಆರು ವರ್ಷ. ದಿನಾ ರಾತ್ರಿ ವಿಡಿಯೋ ಕಾಲ್. ಅದರಲ್ಲೂ ನೆಟ್‌ವರ್ಕ್ ಹೋದರೆ ಅವಳಿಗೆ ಸಿಟ್ಟು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಪುಣೆಯವರಿಗೆ ಹತ್ತಿರದ ಒಂದು ಕಥೆಯೂ ಇದರಲ್ಲಿ ಬರುತ್ತದೆ. 1914ರಲ್ಲಿ ಯುದ್ಧ ಶುರುವಾದಾಗ ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಜರ್ಮನ್ ಪಾದ್ರಿಗಳು ರಾತ್ರೋರಾತ್ರಿ ಶತ್ರುದೇಶದವರಾದರು. ಗಂಡಸರನ್ನು ಒಯ್ದದ್ದು ಅಹಮದ್‌ನಗರದ ಶಿಬಿರಕ್ಕೆ. ನಮ್ಮಿಂದ ನೂರಿಪ್ಪತ್ತು ಕಿಲೋಮೀಟರ್ ದೂರದ ಅದೇ ನಗರ, ಈಗ ಹೆಸರು ಅಹಿಲ್ಯಾನಗರ. ಹೆಂಗಸರು ಮಕ್ಕಳನ್ನು ಬೇರೆ ಊರುಗಳಲ್ಲಿ ಇರಿಸಿದರು, ಬೆಳಗಾವಿ ಅವುಗಳಲ್ಲೊಂದು. ವ್ಯಾಪಾರಿಗಳು, ಎಂಜಿನಿಯರುಗಳು, ಹಡಗಿನವರು, ಪಾದ್ರಿಗಳು ಎಲ್ಲರೂ ಅಹಮದ್‌ನಗರದಲ್ಲಿ ಒಂದೇ ತಂತಿಬೇಲಿಯೊಳಗೆ. 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಅನೇಕರನ್ನು ಯುರೋಪಿಗೆ ಸಾಗಿಸಿದರು. ಇಡೀ ಆಯುಷ್ಯ ಕನ್ನಡದಲ್ಲಿ ಉಪದೇಶ ಮಾಡಿದವರು ಹಾಗೆ ಹೋಗಿಬಿಟ್ಟರು. ಬಲ್ಮಠದಲ್ಲೂ ಹುಬ್ಬಳ್ಳಿಯಲ್ಲೂ ಕ್ರಿಸ್‌ಮಸ್ ಮಾತ್ರ ನಿಲ್ಲಲಿಲ್ಲ. ಅಷ್ಟರೊಳಗೆ ಅದು ಇಲ್ಲಿಯವರದೇ ಆಗಿತ್ತು.

ಇವೆಲ್ಲ ಬಂದು ಹೋದವರ ಕಥೆಗಳು. ಹೋಗಿ ಬಂದ ಒಬ್ಬರಿದ್ದಾರೆ. ಈ ಬರಹ ಶುರು ಮಾಡಿದ್ದೇ ಅವರಿಗಾಗಿ.

ಆನಂದರಾವ್ ಕೌಂಡಿನ್ಯ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ 1825ರಲ್ಲಿ ಹುಟ್ಟಿದವರು. ಮೋಗ್ಲಿಂಗರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ, ತನ್ನದೇ ಜಾತಿಯ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದರು. ಹಬ್ಬದ ಕಾಲ ಇನ್ನೂ ಮುಗಿದಿರಲಿಲ್ಲ. ಊರಲ್ಲಿ ದೊಡ್ಡ ಗದ್ದಲವಾಯಿತು. ಹದಿನೆಂಟರ ಹುಡುಗ, ಆಗಲೇ ಮದುವೆಯಾದವನು, ಒಂದು ದಿನದಲ್ಲಿ ಮನೆಯಿಂದ ಹೊರಗಾದ. ಮೋಗ್ಲಿಂಗ್ ಅವನನ್ನು ಮಗನೆಂದು ಕರೆದರು, ತಮ್ಮ ಹೆಸರಾದ ಹರ್ಮನ್ ಎಂಬುದನ್ನೂ ಅವನ ಹೆಸರಿಗೆ ಸೇರಿಸಿದರು. ಆರೋಗ್ಯ ಕೆಟ್ಟು ಮೋಗ್ಲಿಂಗ್ ಯುರೋಪಿಗೆ ಹೋಗುವ ಹೊತ್ತಿಗೆ ಇವರೂ ಜೊತೆಗೆ ಹೊರಟರು. 1846ರಿಂದ 1851ರವರೆಗೆ ಬಾಸೆಲ್ಲಿನ ಮಿಷನ್ ಮನೆಯಲ್ಲಿ ಓದಿ, ಪಾದ್ರಿಪಟ್ಟ ಪಡೆದು ಮರಳಿದರು.

ಐದು ಚಳಿಗಾಲ. ಮಂಗಳೂರಿನ ಹುಡುಗ, ಹಿಮ ಬೀಳುವ ಬಾಸೆಲ್ಲಿನಲ್ಲಿ, ಲ್ಯಾಟಿನ್, ಗ್ರೀಕ್, ಹೀಬ್ರೂಗಳ ನಡುವೆ. ಅಲ್ಲಿಯ ಮಿಷನ್ ಭಕ್ತರಿಗೆ ಅವರೊಂದು ಜೀವಂತ ಸಾಕ್ಷಿ: ನೋಡಿ, ನಮ್ಮ ಚಿಲ್ಲರೆ ಕಾಸಿನಿಂದ ಏನಾಯಿತು. ಅವರು ತಮ್ಮ ಬದುಕಿನ ಕಥೆಯನ್ನು ತಾವೇ ಹೇಳಿದ್ದು ಬಾಸೆಲ್ಲಿನಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕವಾಯಿತು. ನನಗೆ ಕಾಡುವುದು ಬೇರೆ. ಅಲ್ಲಿಯ ಸಹಪಾಠಿಗಳು ಕ್ರಿಸ್‌ಮಸ್‌ಗೆ ಊರು ನೆನೆಯುವಾಗ ಇವರು ಯಾವ ಹಬ್ಬಕ್ಕೆ ಊರು ನೆನೆಯಬೇಕು? ಇವರ ಊರಲ್ಲಿ ಇವರಿಗೆ ಹಬ್ಬವೇ ಉಳಿದಿರಲಿಲ್ಲ. ದೀಪಾವಳಿಯ ಎಣ್ಣೆಸ್ನಾನ, ಚೌತಿಯ ಪಂಚಕಜ್ಜಾಯ ಇದ್ದದ್ದು ಮುಚ್ಚಿದ ಬಾಗಿಲಿನ ಒಳಗೆ. ಹೆಬಿಕ್ ಇಪ್ಪತ್ತೈದು ವರ್ಷ ಊರಿಗೆ ಹೋಗಲಿಲ್ಲ ನಿಜ, ಆದರೆ ಹೋದ ದಿನ ಅವರಿಗೆ ಊರು ಇತ್ತು. ನಾನು ಮೂರು ಡಿಸೆಂಬರ್ ಹೊರಗಿದ್ದೆ, ಸಂಕ್ರಾಂತಿಗೆ ಮನೆಯಲ್ಲಿ ಎಳ್ಳು ಬೆಲ್ಲ ಕಾದಿತ್ತು. ಕೌಂಡಿನ್ಯರು ಮಂಗಳೂರಿಗೆ ಮರಳಿದ್ದು ತಾವು ಹುಟ್ಟಿದ ಊರಿಗೆ ಪರದೇಶದವರಂತೆ.

ಮರಳಿದವರು ಯುರೋಪಿಯನ್ ಮಿಷನರಿಗಳ ಸಾಲಿನಲ್ಲಿ ಕೆಲಸ ಮಾಡಿದರು. ಆ ಸ್ಥಾನ ಅವರ ನಂತರದ ಕನ್ನಡ ಪಾದ್ರಿಗಳಿಗೆ ಸುಲಭವಾಗಿ ಸಿಗಲಿಲ್ಲ. ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಕೊಡಗಿನಲ್ಲಿ ಜೀತಕ್ಕಿದ್ದ ದಲಿತ ಕುಟುಂಬಗಳಿಗಾಗಿ ಮೋಗ್ಲಿಂಗ್ ನೆಲೆಯೊಂದನ್ನು ಮಾಡಲು ಹೊರಟಾಗ ನೆಲಕ್ಕೆ ಹಣ ಹಾಕಿದವರು ಕೌಂಡಿನ್ಯರು. ಆನಂದಪುರ ಎಂಬ ಹೆಸರು ಬಂದದ್ದು ಅವರಿಂದ. ಸಾರಸ್ವತ ಮನೆಯ ಮಗ, ಜಾತಿಯಿಂದ ಹೊರಬಿದ್ದು, ಆ ಜಾತಿವ್ಯವಸ್ಥೆ ತೀರ ಕೆಳಗಿಟ್ಟ ಜನರಿಗೆ ಊರು ಕಟ್ಟಲು ತನ್ನ ದುಡ್ಡು ಕೊಟ್ಟದ್ದು 1850ರ ದಶಕದಲ್ಲಿ. ಇದನ್ನು ನಮ್ಮ ಯಾವ ಪಠ್ಯದಲ್ಲೂ ನಾನು ಓದಿದ ನೆನಪಿಲ್ಲ. ಜರ್ಮನರನ್ನು ನೆನೆಯುವುದು ನಮಗೆ ಸುಲಭ. ಅವರು ಕನ್ನಡಕ್ಕೆ ಕೊಟ್ಟರು, ನಾವು ಪಡೆದೆವು, ಲೆಕ್ಕ ಚುಕ್ತಾ. ಕೌಂಡಿನ್ಯರನ್ನು ನೆನೆದರೆ ನಾವು ಅವರನ್ನು ಹೊರಗೆ ಹಾಕಿದ್ದನ್ನೂ ನೆನೆಯಬೇಕು. ಅದಕ್ಕೇ ಇರಬೇಕು, ಅವರು 1893ರಲ್ಲಿ ತೀರಿಕೊಂಡ ಮೇಲೆ ಯಾರ ಪಾಲಿಗೂ ಸೇರದೆ ಉಳಿದರು.

ಮೊದಲ ಹೆಂಡತಿ ತೀರಿಕೊಂಡಿದ್ದರು. 1860ರಲ್ಲಿ ವ್ಯೂರ್ಟೆಂಬರ್ಗ್‌ನ ಮರಿ ರೈನ್‌ಹಾರ್ಟ್ ಎಂಬ ಹೆಣ್ಣುಮಗಳು ಅವರನ್ನು ಮದುವೆಯಾಗಲು ಸಮುದ್ರ ದಾಟಿ ಬಂದರು. ಇಲ್ಲಿಯ ಇಂಗ್ಲಿಷರಿಗೂ ಇಲ್ಲಿಯ ಬ್ರಾಹ್ಮಣರಿಗೂ ಒಟ್ಟಿಗೆ ಹುಬ್ಬೇರಿಸುವಂಥ ಮದುವೆ. ಅದೇ ವರ್ಷ ಮೋಗ್ಲಿಂಗ್ ಹೆಂಡತಿಯ ಕಾಯಿಲೆಗಾಗಿ ಇಂಡಿಯಾ ಬಿಟ್ಟರು, ಮತ್ತೆ ಬರಲಿಲ್ಲ.

ಆ ವರ್ಷದ ಡಿಸೆಂಬರ್ ನನಗೆ ಆಗಾಗ ನೆನಪಾಗುತ್ತದೆ. ಜರ್ಮನಿಯ ಚಳಿಯಲ್ಲಿ ದಾಸರ ಪದಗಳ ಹಾಳೆ ಹಿಡಿದು ಕೂತ ಮೋಗ್ಲಿಂಗ್. ಇತ್ತ ಮೊದಲ ಸಲ ಸೆಕೆಯಲ್ಲಿ ಕ್ರಿಸ್‌ಮಸ್ ನೋಡುತ್ತಿರುವ ಆ ಹುಡುಗಿ. ಕಿಟಕಿಯ ಹೊರಗೆ ತೆಂಗು, ಹಿಮವಿಲ್ಲ, ಗೊತ್ತಿರುವ ಮುಖವಿಲ್ಲ. ಆ ಮನೆಯಲ್ಲಿ, ಅವಳ ಊರಿನ ಕಡೆ 24ರ ಸಂಜೆ ಹೇಗಿರುತ್ತದೆ, ಎಷ್ಟು ಗಂಟೆಗೆ ಕತ್ತಲಾಗುತ್ತದೆ, ಆಮೇಲೆ ಯಾವ ಹಾಡು ಎಂಬುದನ್ನು ಅವಳ ಭಾಷೆಯಲ್ಲೇ ಮಾತಾಡಬಲ್ಲ ಮಂಗಳೂರಿನವರು ಒಬ್ಬರಿದ್ದರು.